ಹಳದಿ ಅಂಗಿಯವನೂ ನಮ್ಮ ಚಿಕ್ಕಮ್ಮನೂ

ನಮ್ಮ ಚಿಕ್ಕಮ್ಮ ಈವರೆಗೆ ಎಷ್ಟು ಸಲ ಸತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲಾಗುವುದಿಲ್ಲ. ಹೊಂಡಕ್ಕೆ ಬಿದ್ದು ಸತ್ತಿದ್ದಾಳೆ, ಮೊಸಳೆಯ ಬಾಯಿಗೆ ಸಿಕ್ಕಿ ಸತ್ತಿದ್ದಾಳೆ, ಮುರಿದ ಸೇತುವೆಯಿಂದ ಜಾರಿ ಸತ್ತಿದ್ದಾಳೆ. ಒಮ್ಮೆಯಂತೂ ನಾನು ಮಾಡಿಕೊಟ್ಟ ಚಹಾಕ್ಕೆ ಕೈಚಾಚಿದ ಒಂದೇ ಗಳಿಗೆಯಲ್ಲಿ ಸತ್ತಳು. "ಆತು, ಕೊಂದೆ ನನ್ನ" ಎಂದವಳು ನಿಧಾನಕ್ಕೆ ಚಹಾ ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದೂ ಹೇಳಿದಳು!

ಅರವತ್ತು ದಾಟಿದ, ಮದುವೆಯ ಗೋಜಿಗೆ ಹೋಗದ, ಕುಮಟೆಯ ಅರ್ಧ ಊರಿಗೆ ಟೈಪಿಂಗ್ ಕಲಿಸಿದ ಹೆಂಗಸು ದಿನವೂ ವಿಡಿಯೋ ಗೇಮ್ ಆಡುತ್ತಾಳೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಅಂದಹಾಗೆ ನನ್ನ ಬಗ್ಗೆಯೂ ಹೇಳಿಬಿಡುತ್ತೇನೆ. ಹೊನ್ನಾವರದ ಒಂದು ವಿಮಾ ಕಚೇರಿಯಲ್ಲಿ ಕೂತು, ಬೇರೆಯವರಿಗೆ ಆಗಬಹುದಾದ ಅನಾಹುತಗಳನ್ನು ಊಹಿಸುವುದು ನನ್ನ ಉದ್ಯೋಗ; ಮನೆಗೆ ಬಂದು ನನಗೇ ಆಗಬಹುದಾದದ್ದನ್ನು ಊಹಿಸುವುದು ಹವ್ಯಾಸ. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಇವತ್ತಿಗೂ ಮುಂದಿನ ಸೀಟಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಸೇತುವೆ ಬಿದ್ದರೆ ಸರಳು ನನ್ನನ್ನು ಉಳಿಸುತ್ತದೆಯೇ? ಇಲ್ಲ. ಆದರೆ ಹಿಡಿದುಕೊಳ್ಳದೆ ಬೀಳುವುದು ಹೇಗೆ?

ಚಿಕ್ಕಮ್ಮ ಹಾಗಲ್ಲ. ಅವಳ ಕ್ಲಾಸಿನಲ್ಲಿ ಟೈಪ್‌ರೈಟರಿನ ಕೀಲಿಗಳ ಮೇಲೆ, ಕಲಿಯುವವರ ಕೈಗಳೂ ಮುಚ್ಚುವಂತೆ, ಒಂದು ಟವೆಲು ಹಾಸಿರುತ್ತಿತ್ತು. ಬೆರಳನ್ನು ನೋಡುತ್ತ ಹೊಡೆದರೆ ಬೆರಳಿಗೆ ಸೊಕ್ಕು ಬರುತ್ತದೆ ಎಂಬುದು ಅವಳ ಸಿದ್ಧಾಂತ. ಆ ಟವೆಲಿನಡಿ ಕಲಿತವರೆಲ್ಲ ಬೇರೆ ಬೇರೆ ಕಚೇರಿಗಳಲ್ಲಿ ನೌಕರಿ ಹಿಡಿದರು. ಆಮೇಲೆ ಕಂಪ್ಯೂಟರು ಬಂತು, ಕ್ಲಾಸು ಮುಚ್ಚಿತು. ಚಿಕ್ಕಮ್ಮನ ಹತ್ತು ಬೆರಳುಗಳಿಗೂ ಒಟ್ಟಿಗೇ ನಿವೃತ್ತಿಯಾಯಿತು.

ಹಾಗಿರುವಾಗ ಅವಳು ಇಸ್ತ್ರಿ ಪೆಟ್ಟಿಗೆ ತರಲೆಂದು ಭಟ್ಕಳದ ಫಾರಿನ್ ಸಾಮಾನಿನ ಅಂಗಡಿಗೆ ಹೋದಳು. ಅಲ್ಲಿ ಟಿವಿಗೆ ಜೋಡಿಸಿ ಆಡುವ ಗೇಮಿನ ಪೆಟ್ಟಿಗೆಯೂ ಅದರ ರಿಮೋಟೂ ಕಣ್ಣಿಗೆ ಬಿದ್ದವು. ರಿಮೋಟನ್ನು ಕೈಗೆತ್ತಿಕೊಂಡು ಗುಂಡಿಗಳನ್ನು ಒತ್ತಿ ನೋಡಿದಳು. ಎಂಥ ಸ್ಪ್ರಿಂಗು! ಒತ್ತಿದರೆ ಮಾತು ಕೇಳುತ್ತದೆ, ಬಿಟ್ಟರೆ ಎದ್ದು ನಿಲ್ಲುತ್ತದೆ. ಅಂಗಡಿಯವನು ಕೊಂಕಣಿಯಲ್ಲಿ, ಮೊಮ್ಮಗನಿಗೋ ಎಂದು ಕೇಳಿದನಂತೆ. "ಮಾಕಾಚ್," ಎಂದಳಂತೆ ಇವಳು, ನನಗೇ ಎಂದು. ಇಸ್ತ್ರಿ ಪೆಟ್ಟಿಗೆ ಅಲ್ಲೇ ಉಳಿಯಿತು. ಅಂದಿನಿಂದ ಚಿಕ್ಕಮ್ಮನ ಸೀರೆಗಳೆಲ್ಲ ಸುಕ್ಕು.

ಅವಳ ಆಟಕ್ಕೆ ಅವಳದೇ ಧರ್ಮಶಾಸ್ತ್ರವಿದೆ. ಸಾಹಸದ ಆಟಗಳಲ್ಲಿ ನಾಯಕ ಕಂಡವರ ಮನೆಗೆ ನುಗ್ಗಿ ಮಡಕೆ ಕೊಡಗಳನ್ನು ಒಡೆದರೆ ಒಳಗೆ ನಾಣ್ಯ ಸಿಗುತ್ತದೆ. ಚಿಕ್ಕಮ್ಮ ಒಂದನ್ನೂ ಒಡೆಯುವುದಿಲ್ಲ. ಬೇರೆಯವರು ನೀರು ತುಂಬಿಟ್ಟ ಕೊಡ ಒಡೆಯುವವ ಅದೆಂಥ ನಾಯಕ ಎಂದು ಅವಳ ಪ್ರಶ್ನೆ. ಹೀಗಾಗಿ ಬೇರೆಯವರು ಚಿನ್ನದ ಕವಚ ತೊಟ್ಟು ಹೋಗುವ ಕಡೆಗೂ ಅವಳ ನಾಯಕ ಬರಿಮೈಯ ಬಡವನಾಗಿಯೇ ಹೋಗುತ್ತಾನೆ. ಊಟಕ್ಕೆ ಕರೆದರೆ, ತಡಿ, ಅವ ನೀರಲ್ಲಿ ನಿಂತಿದ್ದಾನೆ, ದಡಕ್ಕೆ ಹತ್ತಿಸಿ ಬರುತ್ತೇನೆ ಎನ್ನುತ್ತಾಳೆ. ನಮ್ಮ ಅನ್ನ ತಣಿಯಬಹುದು, ಅವನಿಗೆ ಶೀತವಾಗಬಾರದು!

ಚಿಕ್ಕಮ್ಮನ ಪ್ರಕಾರ ನಾಯಕರಲ್ಲಿ ಎರಡೇ ಜಾತಿ. ಒಬ್ಬ ಬದಲಾಗುವವ. ಆಟ ಶುರುವಾದಾಗ ಅವನಿಗೆ ಕತ್ತಿ ಹಿಡಿಯಲೂ ಬಾರದು, ಅಪ್ಪನ ಮೇಲೆ ಸಿಟ್ಟು ಬೇರೆ. ಆಡುತ್ತ ಆಡುತ್ತ ಅವನಿಗೆ ಬಲ ಬರುತ್ತದೆ, ಬುದ್ಧಿ ಬರುತ್ತದೆ, ಗಡ್ಡ ಬರುತ್ತದೆ, ಕೊನೆಗೆ ಪಶ್ಚಾತ್ತಾಪವೂ ಬಂದು ಮಳೆಯಲ್ಲಿ ನಿಂತು ಅಳುತ್ತಾನೆ. ಇನ್ನೊಬ್ಬ ಬದಲಾಗದವ. ಮೊದಲ ಹೊಂಡದ ಹತ್ತಿರ ಹೇಗಿದ್ದನೋ ಕೊನೆಯ ಹೊಂಡದ ಹತ್ತಿರವೂ ಹಾಗೇ. ಅದೇ ಅಂಗಿ, ಅದೇ ಜಿಗಿತ, ಅದೇ ಮುಖ. ಚಿಕ್ಕಮ್ಮನ ಆರಾಧ್ಯ ದೈವವಾದ ಹಳದಿ ಅಂಗಿಯವನು ಈ ಎರಡನೆಯ ಜಾತಿ.

ಕಾಗಾಲದಲ್ಲಿ ನೆಂಟರ ಹುಡುಗಿಯೊಬ್ಬಳ ಮದುವೆ ಮಾತುಕತೆ. ಹುಡುಗನಿಗೆ ಸ್ವಲ್ಪ ಸೋಮಾರಿತನ, ಮದುವೆಯಾದ ಮೇಲೆ ಬದಲಾಗುತ್ತಾನೆ ಎಂದು ಹಿರಿಯರೆಲ್ಲ ತಲೆಯಾಡಿಸಿದರು. ಚಿಕ್ಕಮ್ಮ ಅವಲಕ್ಕಿ ತಿನ್ನುವುದನ್ನು ನಿಲ್ಲಿಸಿ, ಬದಲಾಗುವ ಜಾತಿಯವರಿಗೆ ಅರ್ಧ ಆಟದವರೆಗೆ ಏನೂ ಬರುವುದಿಲ್ಲ, ಆ ಅರ್ಧವನ್ನು ಯಾರು ಆಡಬೇಕು ಎಂದು ಕೇಳಿದಳು. ಯಾರಿಗೂ ಅರ್ಥವಾಗಲಿಲ್ಲ. ಹುಡುಗಿಗೆ ಮಾತ್ರ ಅರ್ಥವಾಯಿತು. ಸಂಬಂಧ ಮುರಿಯಿತು!

ನನಗೋ ಬದಲಾಗುವ ನಾಯಕನೇ ಮೇಲು ಎಂಬ ಪಕ್ಷ. ಬಹುಶಃ ನಾನೇ ಎಂದಾದರೂ ಬದಲಾದೇನು ಎಂಬ ಆಸೆ ಇರಬೇಕು. ಒಮ್ಮೆ ಕೆಣಕಿದೆ, "ಮನುಷ್ಯ ಅಂದಮೇಲೆ ಏನಾದ್ರೂ ಕಲೀಬೇಕಲ ಚಿಕ್ಕಮ್ಮ. ನಿನ್ನ ಹಳದಿ ಅಂಗಿ ಬರೇ ಗೊಂಬೆ."

"ಅವ ಎಂತಕೆ ಬದಲಾಗ್ಬೇಕು ತಮ್ಮ?" ಎಂದಳು, ಪರದೆಯಿಂದ ಕಣ್ಣು ಕೀಳದೆ. "ಬದಲಾಗೂಕೆ ಇಲ್ಲಿ ನಾ ಕೂತಿದ್ನಲ."

ಆಮೇಲೆ ನಾನು ಅವಳ ಆಟವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಿಜವಲ್ಲವೇ! ಹಳದಿ ಅಂಗಿಯವನಿಗೆ ಮೊದಲ ದಿನ ಎಷ್ಟು ಹಾರಲು ಬರುತ್ತಿತ್ತೋ ಇಂದಿಗೂ ಅಷ್ಟೇ. ಆದರೂ ಅಂದು ಬೀಳುತ್ತಿದ್ದ ಹೊಂಡವನ್ನು ಇಂದು ದಾಟುತ್ತಾನೆ. ಕುಸಿಯುವ ಸೇತುವೆಯ ಹಲಗೆಗಳು ಒಂದೊಂದಾಗಿ ಕೆಳಗೆ ಬೀಳುತ್ತಿರುವಾಗ, ಅವಳು ರಿಮೋಟಿನ ಮೇಲೂ ಟವೆಲು ಹಾಸಿಕೊಂಡು, ದೇವರ ಮುಂದೆ ಕೂತವಳ ಹಾಗೆ ಕೂತಿರುತ್ತಿದ್ದಳು. ಟವೆಲಿನಡಿ ಏನು ನಡೆಯುತ್ತಿತ್ತೋ ಕಾಣುತ್ತಿರಲಿಲ್ಲ. ಆ ಕಡೆ ಅವನು ತೇಲಿಹೋಗುತ್ತಿದ್ದ. ನಾನು ಕುರ್ಚಿಯ ಕೈ ಹಿಡಿದುಕೊಂಡು ಬಾಯಿ ತೆರೆದು ನೋಡುತ್ತಿದ್ದೆ.

ಕಳೆದ ಮಳೆಗಾಲದ ಒಂದು ಭಾನುವಾರ ಆ ಟವೆಲು ಅಲುಗುತ್ತಿರುವುದು ಕಂಡಿತು. ಫ್ಯಾನಿನ ಗಾಳಿ ಎಂದುಕೊಂಡೆ. ಅಷ್ಟರಲ್ಲಿ ಕರೆಂಟು ಹೋಯಿತು. ಟಿವಿ ಆರಿತು, ಫ್ಯಾನು ನಿಂತಿತು. ಟವೆಲು ನಿಲ್ಲಲಿಲ್ಲ.

ಡಾಕ್ಟರು ನರದ ತೊಂದರೆ ಎಂದರು. ಬಲಗೈಯ ನಡುಕ, ಔಷಧದಿಂದ ಹತೋಟಿಗೆ ಬಂದೀತು, ಪೂರ್ತಿ ಹೋಗಲಿಕ್ಕಿಲ್ಲ ಎಂದರು. ಚಿಕ್ಕಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಹಾರೂಕೆ ಆಗ್ತದ್ಯಾ?" ಡಾಕ್ಟರು ಅವಳ ಮೊಣಕಾಲು ನೋಡಿ, ಈ ವಯಸ್ಸಿನಲ್ಲಿ ಯಾಕಮ್ಮ ಹಾರುವುದು ಎಂದು ಬುದ್ಧಿ ಹೇಳಿದರು! ನನಗೆ ನಗು ಬರಲಿಲ್ಲ. ಹಳದಿ ಅಂಗಿಯವನನ್ನು ಹಾರಿಸುವ ಗುಂಡಿ ಇರುವುದು ಬಲಗೈಯ ಹೆಬ್ಬೆರಳಿಗೆ. ಅದು ಹೋದರೆ ಅವಳ ದಿನದಲ್ಲಿ ಉಳಿಯುವುದೇನು? ಆ ವಾರ ಬಸ್ಸಿನಲ್ಲಿ ಶರಾವತಿ ದಾಟುವಾಗ ನಾನು ಸೇತುವೆಗೆ ಹೆದರುವುದನ್ನೂ ಮರೆತೆ.

ಚಿಂತೆ ಮಾಡುವವರು ಸುಮ್ಮನಿರುವುದಿಲ್ಲ, ಖರೀದಿ ಮಾಡುತ್ತಾರೆ. ಭಟ್ಕಳಕ್ಕೆ ಹೋಗಿ ಬದಲಾಗುವ ನಾಯಕನ ಹೊಸ ಆಟವೊಂದನ್ನು ತಂದೆ. ಇದರಲ್ಲಿ ಬೆರಳಿನ ಚಳಕ ಬೇಡ, ಹೋಗ್ತಾ ಹೋಗ್ತಾ ಅವನೇ ಗಟ್ಟಿಯಾಗ್ತಾನೆ ಎಂದು ಅಂಗಡಿಯವನೇ ಆರಿಸಿಕೊಟ್ಟ. ಚಿಕ್ಕಮ್ಮ ಮರುಮಾತಿಲ್ಲದೆ ಆಡಿದಳು. ಕೈ ನಡುಗಿದರೂ ಅವನಿಗೆ ಬಲ ಬಂತು, ಬುದ್ಧಿ ಬಂತು, ಗಡ್ಡವೂ ಬಂತು. ರಾಕ್ಷಸ ಸತ್ತ.

"ಗೆದ್ಯಲ ಚಿಕ್ಕಮ್ಮ," ಎಂದೆ.

"ಅವ ಗೆದ್ದ," ಎಂದು ರಿಮೋಟು ಕೆಳಗಿಟ್ಟಳು. "ಒಳ್ಳೆ ಹುಡುಗ. ಆದ್ರೆ ನಾ ಇಲ್ದಿದ್ರೂ ಅವಂಗೆ ನಡೀತದೆ."

ಮುಂದಿನ ಭಾನುವಾರ ಹೋದಾಗ ಪರದೆಯ ಮೇಲೆ ಹಳದಿ ಅಂಗಿಯವನು ಮುರಿದ ಸೇತುವೆಯ ತುದಿಯಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಚಿಕ್ಕಮ್ಮನ ತೊಡೆಯ ಮೇಲೆ ಟವೆಲಿರಲಿಲ್ಲ. ಟೈಪಿಂಗ್ ಕ್ಲಾಸಿನಲ್ಲಿ ಒಂದು ಯಂತ್ರಕ್ಕೆ ಇಬ್ಬರು ಕೈ ಹಾಕಿದರೆ ಹೊರಗೆ ಕಳಿಸುತ್ತಿದ್ದವಳು, ತನ್ನ ರಿಮೋಟಿನ ಧೂಳನ್ನೂ ಯಾರಿಗೂ ಒರೆಸಲು ಬಿಡದವಳು, ಬೆಂಚಿನ ಮೇಲೆ ಎಡಕ್ಕೆ ಸರಿದು ಜಾಗ ಮಾಡಿದಳು.

"ಬಾ ಇಲ್ಲಿ. ನಡೆಸೂದು ನಾ, ಹಾರ್ಸೂದು ನೀ."

ನನ್ನ ಕೈ ಬೆವರುತ್ತದೆ, ನನಗೆ ಎತ್ತರ ಆಗುವುದಿಲ್ಲ, ನಾನು ಅವನನ್ನು ಕೊಂದೇ ಬಿಡುತ್ತೇನೆ ಎಂದೆಲ್ಲ ಹೇಳಿ ನೋಡಿದೆ.

"ಹೆದರ್ಕಂಡೇ ಒತ್ತು," ಎಂದಳು. "ಗುಂಡಿಗೆಂತ ಗೊತ್ತಾಗ್ತದೆ?"

ರಿಮೋಟಿನ ಎಡ ಅರ್ಧ ಅವಳ ಎಡಗೈಯಲ್ಲಿ, ಬಲ ಅರ್ಧ ನನ್ನ ಕೈಯಲ್ಲಿ. ಅವಳ ಮೈಯ ಸಣ್ಣ ನಡುಕ ಆ ಪ್ಲಾಸ್ಟಿಕ್ಕಿನೊಳಗಿಂದ ಹಾದು ನನ್ನ ಅಂಗೈಗೆ ಬರುತ್ತಿತ್ತು. ಅವಳು ಅವನನ್ನು ಓಡಿಸಿದಳು. "ಈಗ" ಎಂದಳು. ನಾನು ಒತ್ತುವಷ್ಟರಲ್ಲಿ ಹಲಗೆ ಇರಲಿಲ್ಲ. ಅವನು ಬಿದ್ದ.

ಬೈಗುಳಕ್ಕೆ ಕಾದೆ. ಚಿಕ್ಕಮ್ಮ ನಡುಗುವ ಬಲಗೈಯನ್ನು ಈಚೆ ತಂದು, ನನ್ನ ಹೆಬ್ಬೆರಳನ್ನು ಗುಂಡಿಯ ಮೇಲೆ ಸರಿಯಾಗಿ ಕೂರಿಸಿದಳು.

"ನಾ 'ಈಗ' ಅಂತ ಹೇಳುದ್ರೊಳಗೆ ತಡ ಆಗ್ತದೆ," ಎಂದಳು. "ನಾ ಉಸಿರು ಎಳ್ಕಂಡಾಗ ಒತ್ತು."

ನಾನು ಪರದೆ ನೋಡುವುದನ್ನು ಬಿಟ್ಟು, ಚಿಕ್ಕಮ್ಮನ ಉಸಿರನ್ನು ಕೇಳುತ್ತ ಕೂತೆ.