ಒಂದು ಗೇಣು ಹೆಚ್ಚಿನ ಸೈಕಲ್

ದೇವರು ಮಕುವೇಯನನ್ನು ಮಾಡುವಾಗ ಧಾರಾಳವಾಗಿ ಮಣ್ಣು ಬಳಸಿದ. ಸೈಕಲ್ ಮಾಡುವವರಿಗೆ ಮಾತ್ರ ಆ ಸುದ್ದಿ ತಲುಪಿಸಲಿಲ್ಲ. ರುಂಬೆಕ್ ಪೇಟೆಯ ಯಾವ ಸೈಕಲ್ ಹತ್ತಿದರೂ ಹ್ಯಾಂಡಲಿಗೆ ಬಾಗಿ ಬಾಗಿ ಅವನ ಕಿವಿ ಮಂಡಿಯವರೆಗೆ ಇಳಿದು ಏನೋ ಗುಟ್ಟು ಕೇಳಿ ಬರುತ್ತಿತ್ತು. ದನ ಸಾಕುವ ಅಲ್ಲಿನ ದಿಂಕಾ ಬುಡಕಟ್ಟಿನ ಜನಕ್ಕೆ ಎತ್ತರ ಹೊಸದಲ್ಲ. ಆದರೂ ಇವನನ್ನು ಕಂಡರೆ ಅವರೂ ತಲೆಯೆತ್ತಿ ಬಾಯಿ ಬಿಡುತ್ತಿದ್ದರು. (ಅವರಿಗೆ ಅನುಕೂಲವಾಗಲೆಂದು ಇವನು ನಿಧಾನವಾಗಿ ನಡೆಯುತ್ತಿದ್ದ.)

ಈಗ ಅಣ್ಣನ ಮಗಳ ಮದುವೆ ಮಾತು. ಗಂಡಿನವರು ಹೆಣ್ಣಿನ ಮನೆಗೆ ಹಸುಗಳನ್ನು ಕೊಡಲು ಒಪ್ಪಿದ್ದರು. ಕೊಂಬು ಮುಗಿಲಿಗೆ ಬಾಗಿದ ಬಿಳಿ ಹೋರಿಯನ್ನು ಮಾತ್ರ ಬಿಡಲೊಲ್ಲರು. ಅದನ್ನು ಒಪ್ಪಿಸಿ ತರುವ ಘನ ಹೊಣೆ ಮಕುವೇಯನದು.

"ಮಿಡತೆ ಥರ ಕೂತು ಹೋದರೆ ಯಾರು ಹೋರಿ ಕೊಡ್ತಾರೆ?" ಎಂದು ಅವನು ವೆಲ್ಡಿಂಗ್ ಅಂಗಡಿಯ ಒಚೆಂಗನನ್ನು ಮನೆಗೆ ಕರೆಸಿದ.

"ನಡಕೊಂಡೇ ಹೋಗಿ. ನಾನೂ ಹಾಗೇ ಬರೋದು," ಎಂದಳು ಹೆಂಡತಿ ಅವುತ್.

"ಮಾತಾಡೋ ಹಿರಿಯ ಧೂಳು ತುಳ್ಕೊಂಡು ಹೋಗೋದಾ?"

ಒಚೆಂಗ್ ಹಗ್ಗ ಹಿಡಿದು ಕಾಲಿನ ಅಳತೆ ತೆಗೆದ. ನಂಬಿಕೆಯಾಗದೆ ಮತ್ತೆ ತೆಗೆದ. "ಅಣ್ಣಾ, ಕಾಲು ಇಷ್ಟೇನಾ?"

"ಅವರ ಉದ್ದವೆಲ್ಲ ಸೊಂಟದ ಮೇಲಪ್ಪ. ಕೆಳಗೆ ನಾನೇ ಉದ್ದ," ಎಂದಳು ಅವುತ್.

"ಒಂದು ಗೇಣು ಸೇರಿಸು," ಎಂದ ಮಕುವೇಯ್, ಗೋಡೆ ನೋಡುತ್ತಾ.

ಸೈಕಲ್ ಬಂದ ದಿನ ಊರೇ ಅಂಗಳಕ್ಕೆ ಬಂತು. ಮುದುಕರು ಎದ್ದು ನಿಂತರು. ಕೊಕ್ಕರೆಯೊಂದು ಮರವೆಂದು ಸೀಟಿನ ಮೇಲೆ ಕುಳಿತಿತು. ಮಕುವೇಯ್ ಹೋರಿಯ ಕೊಂಬಿಗೆ ಕಟ್ಟುವ ಕುಚ್ಚನ್ನು ಹ್ಯಾಂಡಲಿಗೆ ಕಟ್ಟಿ, ಅಂಗಳದ ಹುತ್ತವನ್ನೇರಿ, ಅಲ್ಲಿಂದ ಸೀಟಿಗೆ ದಾಟಿ ಹೊರಟೇಬಿಟ್ಟ. ಅವುತ್ ಹಿಂದಿನಿಂದ ಕೇಳಿದಳು: "ಅಲ್ಲಿ ಹುತ್ತ ಇದೆಯಾ?"

ಗಂಡಿನ ಮನೆಯೆದುರು ಹುತ್ತ ಇರಲಿಲ್ಲ.

"ಇಳೀರಿ ಬೀಗರೇ," ಎಂದರು ಮರದಡಿ ಕುಳಿತಿದ್ದ ಗಂಡಿನ ತಾತ.

ಮಕುವೇಯ್ ಕಾಲು ಚಾಚಿದ. ನೆಲ ಸಿಗಲಿಲ್ಲ. ಬೀಗರೆದುರು ಬೀಳುವುದಕ್ಕಿಂತ ಸುತ್ತುವುದೇ ಲೇಸೆಂದು ಮರವನ್ನು ಸುತ್ತತೊಡಗಿದ.

"ಮುನಿಸಿರಬೇಕು," ಎಂದರು ತಾತ ಮೆಲ್ಲಗೆ. "ಬೀಗರೇ, ಆ ಕೆಂದ ಹಸುನೂ ಸೇರಿಸ್ತೀವಿ. ಇಳೀರಿ."

ಮಕುವೇಯ್ ಮತ್ತೊಂದು ಸುತ್ತು ಹೋದ.

"ಕರು ಸಮೇತ."

ಮಕುವೇಯ್ ತುಟಿ ಕಚ್ಚಿ ಪೆಡಲ್ ತುಳಿದ. (ಬಾಯಿ ತೆರೆದರೆ ತೂಕ ತಪ್ಪುತ್ತಿತ್ತು.) ಮರದಡಿಯ ಕತ್ತುಗಳೆಲ್ಲ ಅವನ ಜೊತೆಗೇ ತಿರುಗುತ್ತಿದ್ದವು.

"ಇಷ್ಟು ಎತ್ತರದಲ್ಲಿ ಕೂತು ಇಷ್ಟು ಪಟ್ಟು ಹಿಡಿದವರನ್ನ ನಾನು ಕಂಡಿಲ್ಲ," ಎಂದು ತಾತ ನಿಟ್ಟುಸಿರಿಟ್ಟರು. "ಬಿಳಿ ಹೋರಿನೂ ಬಿಚ್ಚಿ ತನ್ನಿ."

ಆನಂದ ತಡೆಯದೆ ಮಕುವೇಯ್ ಕೊಂಬಿನಂತೆ ಎರಡೂ ಕೈ ಮೇಲೆತ್ತಿದ. ಸೈಕಲ್ ವಾಲಿತು. ಅಷ್ಟರಲ್ಲಿ ನಡೆದು ಬಂದು ಮುಟ್ಟಿದ ಅವುತ್, ತುಂಟ ಕರುವನ್ನು ಹಿಡಿಯುವಂತೆ ಹ್ಯಾಂಡಲ್ ಹಿಡಿದಳು. ಅವನು ಕಂಬದಿಂದ ಜಾರುವಂತೆ ನೆಲ ಸೇರಿದ.

ಹೋರಿಯನ್ನು ಹಿರಿಯನೇ ನಡೆಸಿಕೊಂಡು ಹೋಗಬೇಕಷ್ಟೆ; ಸೈಕಲನ್ನು ಒಯ್ಯುವವರು ಯಾರು? ಅವುತ್ ಹೆಗಲ ಬಟ್ಟೆ ಬಿಗಿದು, ಕಾಲು ಬೀಸಿ ಕುಳಿತಳು. ಎರಡೂ ಪಾದದ ತುದಿ ನೆಲಕ್ಕೆ ತಾಗಿತು. ಮಂಡಿ ಎಲ್ಲಿರಬೇಕೋ ಅಲ್ಲೇ ಇತ್ತು.

"ಒಂದು ಗೇಣು ಸರಿಯಾಗೇ ಸೇರಿಸಿದೀರಿ," ಎಂದು ಪೆಡಲ್ ತುಳಿದಳು.

ಮಕುವೇಯ್ ಹಗ್ಗ ಹಿಡಿದು, ಎದೆಯುಬ್ಬಿಸಿ, ಹೋರಿಯ ಮೇಲೊಂದು ಹಾಡು ಕಟ್ಟಿ ಹಾಡುತ್ತಾ ಊರೊಳಗೆ ಬಂದ. ಜನರೆಲ್ಲ ತಲೆಯೆತ್ತಿ ಬಾಯಿ ಬಿಟ್ಟು ನೋಡುತ್ತಿದ್ದರು, ಮುಂದೆ ಹೋಗುತ್ತಿದ್ದ ಸೈಕಲನ್ನು. ಅವನು ಹೋರಿಯ ಕಡೆ ತಿರುಗಿದ. ಅದೂ ಅತ್ತಲೇ ನೋಡುತ್ತಾ, ಅವನನ್ನು ಧೂಳಿನಲ್ಲಿ ಎಳೆದುಕೊಂಡು, ಅವುತಳ ಹಿಂದೆ ಓಡತೊಡಗಿತ್ತು.