ಇಂಜಿನ್ನಿನ ತವರೂರು

ಬಾನೆಟ್ ಎತ್ತಿ ನಿಂತ ಲಾರಿ ಕಂಡರೆ ಗಂಡಸಾದವನು ಸುಮ್ಮನೆ ಹಾದುಹೋಗುವುದಿಲ್ಲ. ಒಳಗೆ ಬಗ್ಗಿ ನೋಡುತ್ತಾನೆ, ಯಾವುದೋ ಪೈಪು ಮುಟ್ಟುತ್ತಾನೆ, ಕೈಗೆ ಮಸಿ ಹತ್ತಿದ ಮೇಲೆ "ಹ್ಞೂಂ" ಅನ್ನುತ್ತಾನೆ. ಆ "ಹ್ಞೂಂ"ಗೆ ಅರ್ಥ ಏನೂ ಇಲ್ಲ. ನಾನು ಕೊಟ್ಟೂರಲ್ಲಿ ಬಳೆ ಅಂಗಡಿ ಇಟ್ಟವನು. ಯಾರ ಕೈಗೆ ಯಾವ ಅಳತೆಯ ಬಳೆ ಅಂತ ದೂರದಿಂದಲೇ ಹೇಳಬಲ್ಲೆ. ಇಂಜಿನ್ ವಿಷಯದಲ್ಲಿ ಮಾತ್ರ ನನಗೂ ಆ "ಹ್ಞೂಂ" ಒಂದೇ ಗೊತ್ತು. ಆವತ್ತು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ತೊಂಬತ್ತರ ದಶಕದ ಕೊನೆ ಇರಬೇಕು. ನಮ್ಮಣ್ಣ ಕೊಟ್ರೇಶ ಒಂದು ಲಾರಿ ತಂದಿದ್ದ. ಲಾರಿ ಸೆಕೆಂಡ್ ಹ್ಯಾಂಡು, ಅದರೊಳಗಿನ ಇಂಜಿನ್ ಎಷ್ಟನೇ ಹ್ಯಾಂಡೋ ಮಾರಿದವನಿಗೂ ಗೊತ್ತಿರಲಿಲ್ಲ. ತಂಬ್ರಹಳ್ಳಿಯಲ್ಲಿ ಮೆಕ್ಕೆಜೋಳ ತುಂಬಿಕೊಂಡು ಬಂದ ಆ ಲಾರಿ ನಮ್ಮ ಮನೆ ಮುಂದೆ ಬುಸ್ಸೆಂದು ಹಬೆ ಬಿಟ್ಟು ನಿಂತಿತು. ವಾಟರ್ ಪಂಪು ಹೋಗಿತ್ತು. ಮಾಲು ಹೊಸ ವ್ಯಾಪಾರಿಯದು, ಅವನು ಅಣ್ಣನಿಗೆ ಕೊಟ್ಟ ಮೊದಲ ಲೋಡು. ತಾಡಪಾಲಿನ ತುಂಬ ತೂತು. ಹಗರಿಬೊಮ್ಮನಹಳ್ಳಿ ದಿಕ್ಕಿಗೆ ಮೋಡ ಕಪ್ಪಾಗಿತ್ತು. ಜೋಳ ನೆಂದರೆ ಆ ವ್ಯಾಪಾರಿ ಮತ್ತೆ ಅಣ್ಣನ ಮುಖ ನೋಡುವವನಲ್ಲ.

"ಹರಪನಹಳ್ಳಿಗೆ ಹೋಗಿ ಪಂಪು ತಗಂಬರ್ತೀನ್ರಿ" ಎಂದು ಡ್ರೈವರ್ ಮಾಬು ಚಪ್ಪಲಿ ಮೆಟ್ಟಿಕೊಂಡಿದ್ದ. ನಾನು ಬಗ್ಗಿ ನೋಡಿ, "ಹ್ಞೂಂ" ಅಂದು, ಸುಮ್ಮನಿರಲಾರದೆ ಕೇಳಿದೆ: "ಇದು ಪುಣೆ ಫ್ಯಾಕ್ಟರಿ ಇಂಜಿನ್ನೋ, ಜಂಶೆಡ್‌ಪುರದ್ದೋ? ಪಂಪು ಬ್ಯಾರೆ ಬ್ಯಾರೆ ಇರ್ತಾವಲ್ಲ?"

ಬಸ್ಸಿನಲ್ಲಿ ಯಾರೋ ಮಾತಾಡಿದ್ದು ಕಿವಿಗೆ ಬಿದ್ದಿತ್ತು, ಅಷ್ಟೇ. ಮಾಬು ಚಪ್ಪಲಿ ಬಿಚ್ಚಿದ. "ಹೌದಲ್ರಿ!"

"ಪುಣೆದು. ಹೊಗಿ ತೆಳ್ಳಗ ಬರ್ತೈತಿ" ಎಂದ ಅಣ್ಣ.

"ಇಲ್ರಿ ಅಣ್ಣಾರ. ಪುಣೆದು ಕೆಮ್ಮತೈತಿ, ಜಂಶೆಡ್‌ಪುರದ್ದು ಗದರಸ್ತೈತಿ. ಇದು ಗದರಸಾದು."

"ಗದರಸಾದು ನೀ ಗೇರು ಹಾಕೋ ಚಂದಕ್ಕಲೇ!"

ಇಂಜಿನ್ನಿಗೆ ಬಡಿದ ತಗಡಿನ ಪಟ್ಟಿಯ ಮೇಲೆ ಊರ ಹೆಸರು ಇರುತ್ತದೆ ಎಂದು ಕೊನೆಗೆ ಇಬ್ಬರೂ ಒಪ್ಪಿದರು. ಪಟ್ಟಿ ಇತ್ತು. ಆದರೆ ಅದರ ಮೇಲೆ ಅಮಾವಾಸ್ಯೆಗೊಮ್ಮೆ ಹಚ್ಚಿದ ಕುಂಕುಮ, ಆಯಿಲ್ಲು, ಧೂಳು ಸೇರಿ ಹೋಳಿಗೆಯಷ್ಟು ದಪ್ಪ ಕೂತಿತ್ತು. ನಾನು ಬಟ್ಟೆ ಹಿಡಿದು ಕೈ ಚಾಚಿದೆ.

"ವೀರೇಶಪ್ಪಾ, ಕೈ ತಗಿ!" ಹೊಸ್ತಿಲಿನಿಂದ ಅತ್ತಿಗೆಯ ಕೂಗು. "ಕುಂಕುಮ ಒರಸಾಕ ಹೊಂಟೀಯಾ? ನಿಮ್ಮಣ್ಣ ಗುಂಡುಕಲ್ಲಿನಂಗ ಅಲ್ಲೇ ನಿಂತಾನ, ಕಾಣವಲ್ಲನಾ?"

"ಅದು ಇಂಜಿನ್ ಐತಲೇ" ಎಂದ ಅಣ್ಣ.

"ನನಗೂ ಗೊತ್ತೈತಿ. ಹಚ್ಚಾಕಿ ನಾನು. ಅಲ್ಲಪಾ, ಬಳಿ-ಕುಂಕುಮ ಮಾರಿ ಉಣ್ಣಾಂವ ನೀನು, ನೀನ ಒರಸ್ತೀನಿ ಅಂದ್ರ ಹೆಂಗ?"

ನಾನು ಬಟ್ಟೆ ಹಿಂದಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಗುಡುಗಿತು. ಅಣ್ಣ ಲೋಡು ನೋಡಿದ, ಮೋಡ ನೋಡಿದ, ಹೆಂಡತಿಯನ್ನು ನೋಡಿದ. ಆ ಮುಖ ಕಂಡು ಅವಳೂ ಸ್ವಲ್ಪ ಮೆತ್ತಗಾದಳು. "ಒರಸಬ್ಯಾಡ್ರಿ. ಜಳಕ ಮಾಡಸ್ರಿ. ಜಳಕಕ್ಕ ದೋಷ ಇಲ್ಲ" ಎಂದಳು.

ಹೀಗೆ ಇಂಜಿನ್ನಿಗೆ ಡೀಸೆಲ್ ಅಭಿಷೇಕ ಶುರುವಾಯಿತು. ಮಾಬು ಜಗ್ಗಿನಲ್ಲಿ ಹೊಯ್ಯುತ್ತಿದ್ದ, ಅತ್ತಿಗೆ ಪಕ್ಕದಲ್ಲಿ ನಿಂತು "ಮೆಲ್ಲಕ, ಮೆಲ್ಲಕ" ಅನ್ನುತ್ತಿದ್ದಳು. ಕೆಂಪು ನೀರು ಇಳಿಯಿತು. ಇಂಗ್ಲಿಷಿನ 'ಪಿ' ಕಂಡಿತು. ಅದರ ಪಕ್ಕ 'ಯು'.

"ಪು! ಪುಣೆ!" ಅಣ್ಣ ಕುಣಿದೇಬಿಟ್ಟ.

"ಇನ್ನೊಂದು ಜಗ್ಗು ತಡ್ಕಳ್ರಿ" ಎಂದ ಮಾಬು. ಹೊಯ್ದ. 'ಯು' ಆದಮೇಲೆ 'ಆರ್' ಬಂತು. ಪುರ! 'ಪಿ'ಗಿಂತ ಮೊದಲಿದ್ದ ಅಕ್ಷರಗಳು ಸವೆದು ಹೋಗಿದ್ದವು.

"ಪುರ ಅಂದ್ರ ಯಾವ ಪುರ? ಸೋಲಾಪುರನೂ ಆಗಬೌದು" ಎಂದು ಅಣ್ಣ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತಿಗೆ ಕೂಡಲೇ ಹೊಸ ಕುಂಕುಮ ಹಚ್ಚಿದಳು, ಸರಿಯಾಗಿ ಆ ಹೆಸರಿನ ಮೇಲೆಯೇ.

"ಡೌಟು ತಗದಾಂವ ನೀನು, ನೀನ ಹೋಗಿ ತಗಂಬಾ" ಎಂದು ಅಣ್ಣ ನನ್ನನ್ನೇ ಬಸ್ಸು ಹತ್ತಿಸಿದ. ಹರಪನಹಳ್ಳಿಯ ಸ್ಪೇರ್ ಅಂಗಡಿಯಲ್ಲಿ ನಾನು ಎದೆ ಮುಂದೆ ಮಾಡಿ ಹೇಳಿದೆ: "ವಾಟರ್ ಪಂಪು ಕೊಡ್ರಿ. ಜಂಶೆಡ್‌ಪುರದ್ದು."

ಅಂಗಡಿಯವರು ಎಲೆ ಅಡಿಕೆ ಅಗಿಯುತ್ತಲೇ ಒಂದು ಡಬ್ಬಿ ಕೈಗೆತ್ತಿಕೊಂಡು ಹೇಳಿದರು: "ಅದಕ್ಕೂ ಇದಾ, ಪುಣೆದಕ್ಕೂ ಇದಾ. ಎರಡಕ್ಕೂ ಒಂದಾ ಬರೋದು."

ನಾನೂ ಅಂಗಡಿ ಇಟ್ಟವನೇ. ಪಂಪು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಬರಬೇಕಿತ್ತು. ಆದರೆ ಅಷ್ಟೆಲ್ಲ ಜಳಕ ಮಾಡಿಸಿ ಬಂದವನು ಹೇಗೆ ಒಪ್ಪಲಿ? "ಇಲ್ರಿ, ನನಗ ಜಂಶೆಡ್‌ಪುರದ್ದ ಬೇಕು" ಎಂದೆ.

ಅವರು ನನ್ನನ್ನೊಮ್ಮೆ ನೋಡಿದರು. ಕೈಯಲ್ಲಿದ್ದ ಡಬ್ಬಿಯೊಂದಿಗೇ ಒಳಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಅದೇ ಡಬ್ಬಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. "ತಗಳ್ರಿ. ಇದು ಜಂಶೆಡ್‌ಪುರದ್ದು."

ಸಂಜೆ ಪಂಪು ಕೂತಿತು. ಮೋಡ ಹಡಗಲಿ ಕಡೆ ಸರಿದಿತ್ತು, ಜೋಳದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಇಂಜಿನ್ ಗುರ್ರೆಂದಾಗ ಅಣ್ಣ ನನ್ನ ಹೆಗಲು ತಟ್ಟಿದ: "ಕೇಳಲೇ ಸೌಂಡು! ಅಲ್ಲಿಂದು ಅಲ್ಲಿಗೇ ಕೂತ್ರ ಹಿಂಗ ನೋಡು."

ಸುಳ್ಳು ಯಾಕೆ ಹೇಳಲಿ, ನನಗೂ ಸೌಂಡು ಬೇರೆ ಥರವೇ ಕೇಳಿಸಿತು.