ಗೈಬುಸಾಬನ ಗೋಲಿ ಹಲಿಗೆ

ಇಪ್ಪತ್ತಮೂರು ತೂತಿಗೇ ಕೈ ನಿಲ್ಲಿಸಿದ್ದರೆ ಬಡಿಗ ಗೈಬುಸಾಬನ ಆ ದಿನ ಸುಖವಾಗಿ ಕಳೆಯುತ್ತಿತ್ತು. ಆದರೆ ಬೈರಿಗೆ ಕೈಯಲ್ಲಿತ್ತು, ಹಲಿಗೆಯಲ್ಲಿ ಜಾಗವಿತ್ತು. ಇಪ್ಪತ್ತನಾಲ್ಕನೆಯದನ್ನೂ ಕೊರೆದ, ಅದೂ ಗೆಲ್ಲುವ ಗುಳಿಯ ಬಾಯಲ್ಲೇ.

ಆಟ ಸರಳ. ಹಲಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ವಾಲಿಸುತ್ತ, ಗೋಲಿ ತೂತಿಗೆ ಬೀಳದಂತೆ ನಡುವಿನ ಗುಳಿ ಮುಟ್ಟಿಸಬೇಕು. ಗಾಂಧಿ ಚೌಕದಲ್ಲಿ ಆಟಿಕೆ ಅಂಗಡಿ ಇಟ್ಟಿದ್ದ ಗುರಲಿಂಗಪ್ಪ ಮುಂಜಾನೆಯೇ ಹೇಳಿದ್ದ, "ಸಂಜೀತನಕ ನಿನ್ನ ಅಂಗಡಿ ಕಟ್ಟಿ ಮ್ಯಾಲ ಇಡು. ಒಬ್ಬರರೆ ಗೆದ್ದರ ಹನ್ನೆರಡು ಹಲಿಗಿ ಮಾಡಸ್ತೇನಿ. ಯಾರೂ ಗೆಲ್ಲದ ಆಟ ಅಂದ್ರ ಕೀಲಿಕೈ ಕಳಕೊಂಡ ಕೀಲಿ ಇದ್ದಂಗ."

ಹನ್ನೆರಡು ಹಲಿಗೆ! ಇಷ್ಟು ವರ್ಷ ಮಂದಿ ಹೇಳಿದ ಬಾಗಿಲು, ಮಂದಿ ಹೇಳಿದ ಕಿಟಕಿ. ಈಗ ತನ್ನ ತಲೆಯಲ್ಲಿ ಹುಟ್ಟಿದ್ದನ್ನು ಮಾಡುವ ಕಾಲ.

ಶಾಲೆಯ ಮಾಸ್ತರ ಶಿವಯೋಗೆಪ್ಪ ಏಳು ಸಲ ಸೋತು, "ನಿನ್ನ ಹಲಿಗೀನ ವಾರಿ ಐತಿ, ಒಂದ ಕಡೆ ವಾಲೇತಿ" ಅಂದರು.

ಗೈಬುಸಾಬ ಮಟ್ಟಗೋಲು ಇಟ್ಟು ತೋರಿಸಿದ. "ಕೂದಲೆಳಿಯಷ್ಟೂ ವಾರಿ ಇಲ್ಲರೀ ಸರ. ನೀವು ಅವಸರ ಮಾಡಿದ್ರಿ. ಸೋತವ ಹಲಿಗಿ ಬೈಬಾರದು, ತನ್ನ ಕೈ ಬೈಬೇಕು. ಆವಾಗ ಇನ್ನೊಂದು ಸಲ ಆಡ್ತಾನ."

ಮಾಸ್ತರು ತಮ್ಮ ಕೈಯನ್ನು ಬೈದುಕೊಂಡು ಇನ್ನೊಂದು ಸಲ ಆಡಿದರು.

ಮಗ್ಗುಲ ಅಂಗಡಿಯ ದರ್ಜಿ ಅಮೀನಸಾಬನಿಗೆ ಕನಿಕರ ಬಂತು. "ಲೇ ಗೈಬೂ, ಗುಳಿ ಬಾಯಾಗಿನ ಆ ತೂತಿಗೆ ಮೇಣ ಮೆತ್ತಲೇ. ಯಾರರೆ ಗೆಲ್ತಾರ."

"ಮೆತ್ತಿದರ ಹಲಿಗಿ ಉಳೀತೈತಿ, ಆಟ ಹೋಗತೈತಿ."

ಮಧ್ಯಾಹ್ನದ ಹೊತ್ತಿಗೆ ಬಬಲೇಶ್ವರದ ಒಬ್ಬ ಎರಡು ಬಸ್ಸು ತಪ್ಪಿಸಿಕೊಂಡಿದ್ದ. ಅಮೀನಸಾಬನ ಗಿರಾಕಿ ಒಂದೇ ತೋಳಿನ ಅಂಗಿ ತೊಟ್ಟು ಸರದಿಯಲ್ಲಿ ನಿಂತಿದ್ದ. ಗೋಲಿ ಬಿದ್ದಾಗೊಮ್ಮೆ ಗೈಬುಸಾಬನ ಎದೆ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬುತ್ತಿತ್ತು. ಗಡಿಯಾರ ನೋಡಿದಾಗ ಚಪ್ಪಟೆಯಾಗುತ್ತಿತ್ತು.

ಸಂಜೆಗೆ ಹೆಂಡತಿ ಮಾಶಾಬಿ ಬುತ್ತಿ ಹಿಡಿದು ಬಂದಳು. "ರೊಟ್ಟಿ ಮರತು ಬಂದು ಇದನ್ನ ಆಡಾಕತ್ತೀರೇನು?" ಅಂತ ಹಲಿಗೆ ಎತ್ತಿಕೊಂಡಳು. ಎರಡು ಸಲ ವಾಲಿಸಿ, ಒಂದು ಸಲ ಮೆಲ್ಲಗೆ ತಟ್ಟಿದಳು. ಗೋಲಿ ಮನೆದಾರಿ ಬಲ್ಲ ಎಮ್ಮೆಯಂತೆ ಹೋಗಿ ಗುಳಿಯಲ್ಲಿ ಕೂತಿತು.

ಮಾತಿನಂತೆ ನೋಡಲು ಬಂದಿದ್ದ ಗುರಲಿಂಗಪ್ಪ ನಂಬದೆ ಮತ್ತೆ ಆಡಿಸಿದ. ಪಲ್ಯ ಹಳಸಿದ್ದಕ್ಕೆ ಗಂಡನನ್ನು ಬೈಯುತ್ತಲೇ ಮಾಶಾಬಿ ಮತ್ತೆರಡು ಸಲ ಗೆದ್ದಳು.

"ಎಲ್ಲಿ ಕಲತೆವ್ವಾ?" ಮಾಸ್ತರು ಕೇಳಿದರು.

"ಕಲಿಯೂದೇನ್ರೀ ಸರ. ದಿನಾ ಮೊರದಾಗ ಬ್ಯಾಳಿ ಹಸನ ಮಾಡೂದಿಲ್ಲೇನು? ಅಲ್ಲಿ ನೂರು ಕಲ್ಲು. ಇಲ್ಲಿ ಒಂದು."

ಗೈಬುಸಾಬ ಎದ್ದು ನಿಂತ. "ನನ್ನ ಆಟ, ನನ್ನ ಹೆಂಡತಿ" ಅಂತ ಸುತ್ತಲೂ ನೋಡಿ, "ಹನ್ನೆರಡು ಹಲಿಗಿ ಹೇಳ್ರಿ, ಸಾವಕಾರ" ಅಂದ.

ಗುರಲಿಂಗಪ್ಪ ತಲೆ ಕೆರೆದ. "ಗೆದ್ದಿದ್ದು ಖರೇ. ಆದರ ಹೆಂಡತಿ ಮಾತಾಡಕೋತ ಗೆಲ್ಲೂ ಆಟಾನ ಯಾವ ಗಂಡಸು ರೊಕ್ಕ ಕೊಟ್ಟು ಮನಿಗೆ ಒಯ್ತಾನಪ್ಪಾ?"

ಗೈಬುಸಾಬ ಮಂದಿಯತ್ತ ತಿರುಗಿದರೆ ಕಟ್ಟೆ ಖಾಲಿ. ಮಂದಿಯೆಲ್ಲ ರಸ್ತೆಯಾಚೆ, ಬುಟ್ಟಿ, ಮೊರ ಮಾರುವ ದುಂಡವ್ವನ ಮುಂದೆ ಸಾಲುಗಟ್ಟಿದ್ದರು. ಮಾಸ್ತರು ಆಗಲೇ ಒಂದು ಮೊರವನ್ನು ಧೋತರದಲ್ಲಿ ಮುಚ್ಚಿಕೊಂಡು ಹೊರಟಿದ್ದರು.

ಗೈಬುಸಾಬ ಹಲಿಗೆಯನ್ನು ಹೆಂಡತಿಯ ಕೈಗಿಟ್ಟು, ತಾನೂ ಹೋಗಿ ಸಾಲಿನ ಕೊನೆಗೆ ನಿಂತ.

"ನಿಮಗ್ಯಾಕ್ರೀ ಮೊರ?" ಬೆನ್ನಿಗೇ ಬಂದ ಮಾಶಾಬಿ ಕೇಳಿದಳು.

"ಮೆಲ್ಲಕ ಮಾತಾಡ. ನಾನೂ ಒಮ್ಮಿನೂ ಗೆದ್ದಿಲ್ಲ."

ಅವನ ಸರದಿ ಬಂದಾಗ ದುಂಡವ್ವ ಖಾಲಿ ಗೋಣಿತಟ್ಟು ಝಾಡಿಸುತ್ತಿದ್ದಳು. "ಮುಗದುವೋ ಯಪ್ಪಾ," ಅಂದಳು, "ನಾಳಿನ ಮೊರಾನೂ ಎಲ್ಲಾ ಹೇಳಿ ಹೋಗ್ಯಾರ."